ಎಮರ್ಜೆನ್ಸಿ ವೈದ್ಯರಿಗೆ ಒಂದು ವರ್ಷದ ಕ್ರಿಟಿಕಲ್ ಕೇರ್ ಡಿಪ್ಲೊಮಾ: ದಾವಣಗೆರೆಯ ಕಣ್ಣಿನಿಂದ ಒಂದು ವಿಮರ್ಶೆ

ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂಡಿ ಮುಗಿಸಿ ದಾವಣಗೆರೆ, ಚಿತ್ರದುರ್ಗದ ಕಡೆ ಕೆಲಸಕ್ಕೆ ನಿಲ್ಲುವವರು ಐಸಿಯು ತರಬೇತಿಗಾಗಿ ಮೊದಲು ವಿಚಾರಿಸುವುದು ಐಡಿಸಿಸಿಎಂ ಬಗ್ಗೆ. ಇದು ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್, ಸ್ನಾತಕೋತ್ತರ ಪದವಿ ಆದವರಿಗೆಂದು ನಡೆಸುವ ಒಂದು ವರ್ಷದ ಡಿಪ್ಲೊಮಾ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಜಿಲ್ಲಾ ಕೇಂದ್ರದ ಖಾಸಗಿ ಐಸಿಯು ನಡೆಸಲು ಇದು ಸಾಕು, ಸೆಂಟರ್ ಸರಿಯಾಗಿ ಆರಿಸಿಕೊಂಡರೆ. ಮೆಡಿಕಲ್ ಕಾಲೇಜಿನ ಕ್ರಿಟಿಕಲ್ ಕೇರ್ ವಿಭಾಗದಲ್ಲಿ ಬೋಧಕರಾಗಬೇಕು ಎನ್ನುವವರಿಗೆ ಸಾಲದು. ಅವರು ನೀಟ್-ಎಸ್‌ಎಸ್ ಪ್ರವೇಶ ಪರೀಕ್ಷೆ ಬರೆದು, ಎಂಡಿಯ ಮೇಲಿನ ಮೂರು ವರ್ಷದ ಸೂಪರ್ ಸ್ಪೆಷಾಲಿಟಿ ಕೋರ್ಸಾದ ಡಿಎಂ ಅಥವಾ ಡಿಆರ್‌ಎನ್‌ಬಿ ಮಾಡಬೇಕು. ಐಡಿಸಿಸಿಎಂಗೆ ಖಾಸಗಿ ಆಸ್ಪತ್ರೆಗಳಲ್ಲಿ ಒಳ್ಳೆ ಬೆಲೆ ಇದೆ, ಆದರೆ ಅದು ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ಮಾನ್ಯತೆಯ ಪದವಿಯಲ್ಲ. ಸೇರುವಾಗಲೇ ಇದು ತಲೆಯಲ್ಲಿರಲಿ.

ಎಮರ್ಜೆನ್ಸಿಯಿಂದ ಬಂದವರ ಕೈ ಮೊದಲ ಗಂಟೆಗೆ ಚೆನ್ನಾಗಿ ಪಳಗಿರುತ್ತದೆ. ಉಸಿರಿನ ಟ್ಯೂಬ್ ಹಾಕುವುದು, ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್, ಟ್ರಾಮಾದಲ್ಲಿ ಒಳಗಿನ ರಕ್ತಸ್ರಾವ ಹುಡುಕುವ ಫಾಸ್ಟ್ ಸ್ಕ್ಯಾನ್, ಇದರಲ್ಲೆಲ್ಲ ಅರಿವಳಿಕೆಯವರಿಗೂ ಮೆಡಿಸಿನ್‌ನವರಿಗೂ ಅವರೇನೂ ಕಡಿಮೆಯಿಲ್ಲ. ಕೊರತೆ ಇರುವುದು ಮೂರನೇ ದಿನದಿಂದ ಹತ್ತನೇ ದಿನದವರೆಗಿನ ಆರೈಕೆಯಲ್ಲಿ. ಕೋರ್ಸ್ ತುಂಬಿಕೊಡಬೇಕಾದದ್ದೂ ಅದನ್ನೇ. ಯಾವುದೇ ಸೆಂಟರನ್ನು ನಾವು ಅಳೆಯುವುದು ಇದೊಂದೇ ಗಜಕಡ್ಡಿಯಿಂದ.

ನಮ್ಮ ಭಾಗದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮೆಕ್ಕೆಜೋಳ, ಹತ್ತಿ ಬೆಳೆಯುವ ಊರುಗಳಿಂದ ಆರ್ಗನೋಫಾಸ್ಫರಸ್ ಕ್ರಿಮಿನಾಶಕದ ವಿಷ ಏರಿದವರು ಬರುತ್ತಲೇ ಇರುತ್ತಾರೆ. ಕ್ಯಾಜುವಾಲ್ಟಿಯಲ್ಲಿ ಆಗಬೇಕಾದ ಕೆಲಸ ಎಲ್ಲರಿಗೂ ಬಾಯಿಪಾಠ. ಅಟ್ರೋಪಿನ್ 1.8ರಿಂದ 3 ಮಿಗ್ರಾಂ ಕೊಟ್ಟು, ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತ ಎದೆಯ ಗೊರಗೊರ ಹೋಗಿ ನಾಡಿ 80 ದಾಟುವವರೆಗೆ ಏರಿಸುವುದು. ಆಮೇಲೆ ಒಟ್ಟು ಕೊಟ್ಟಿದ್ದರ ಶೇ. 10ರಿಂದ 20ರಷ್ಟನ್ನು ಗಂಟೆಗೆ ಇನ್‌ಫ್ಯೂಷನ್‌ನಲ್ಲಿ ಬಿಡುವುದು. ರೋಗಿ ಸುಧಾರಿಸಿದ, ಮಾತಾಡಿದ, ಮನೆಯವರು ನಿಟ್ಟುಸಿರು ಬಿಟ್ಟರು. 24ರಿಂದ 96 ಗಂಟೆಯ ನಡುವೆ ಅದೇ ರೋಗಿ ಸದ್ದಿಲ್ಲದೆ ಉಸಿರು ಸೋಲಬಹುದು. ಇದು ಇಂಟರ್‌ಮೀಡಿಯಟ್ ಸಿಂಡ್ರೋಮ್. ತೊಂದರೆ ನಿಕೋಟಿನಿಕ್ ಸಂಧಿಗಳಲ್ಲಿ, ಅಂದರೆ ಸ್ನಾಯುವಿನಲ್ಲಿ. ಅಟ್ರೋಪಿನ್ ಅಲ್ಲಿ ಕೆಲಸ ಮಾಡುವುದೇ ಇಲ್ಲ. ರಕ್ತದ ಆಮ್ಲಜನಕದ ಸ್ಯಾಚುರೇಷನ್ ಕೊನೆಯವರೆಗೂ 97 ತೋರಿಸಬಹುದು. ಮೊದಲು ಸುಳಿವು ಕೊಡುವುದು ಕತ್ತು. ದಿಂಬಿನಿಂದ ತಲೆ ಎತ್ತಿ ಐದು ಸೆಕೆಂಡ್ ಹಿಡಿಯಿರಿ ಎಂದರೆ ಆಗುವುದಿಲ್ಲ. ಒಳ್ಳೆಯ ಸೆಂಟರ್‌ನಲ್ಲಿ ಇದನ್ನು ಪ್ರತಿ ಶಿಫ್ಟ್‌ನಲ್ಲೂ ನೋಡಿ ಚಾರ್ಟಿನಲ್ಲಿ ಬರೆಯುವುದನ್ನು ಫೆಲೋಗೆ, ಅಂದರೆ ಕೋರ್ಸ್ ಮಾಡುತ್ತಿರುವ ವೈದ್ಯರಿಗೆ, ಕಲಿಸುತ್ತಾರೆ. ಟ್ಯೂಬ್ ತೆಗೆಯುವ ಮುನ್ನ ಕೂಡ ಇದೇ ಪರೀಕ್ಷೆ, ಅದರ ಜೊತೆಗೆ ವೆಂಟಿಲೇಟರ್ ನೆರವನ್ನು 5ರಿಂದ 8ರ ಪ್ರೆಷರ್ ಸಪೋರ್ಟ್‌ಗೆ ಇಳಿಸಿ, ರೋಗಿ ತಾನೇ ಉಸಿರಾಡಬಲ್ಲನೇ ಎಂದು 30 ನಿಮಿಷ ನೋಡುವ ಎಸ್‌ಬಿಟಿ. ಎಸ್‌ಬಿಟಿ ಪಾಸಾಯಿತೆಂದು ಕತ್ತು ನೋಡದೆ ಟ್ಯೂಬ್ ತೆಗೆದರೆ ಅದೇ ರಾತ್ರಿ ಮತ್ತೆ ಹಾಕಬೇಕಾದೀತು.

ಕೊಳಕುಮಂಡಲ ಕಚ್ಚಿದವರ ಕಥೆಯೂ ಹೀಗೆ. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಹಾವಿನ ವಿಷಕ್ಕೆ ಪ್ರತಿವಿಷ ಎಎಸ್‌ವಿ, ಇಷ್ಟು ಎಮರ್ಜೆನ್ಸಿಯ ಪಾಲು. ಮೂತ್ರ ನಿಂತ ಮೇಲಿನದ್ದು ಐಸಿಯುವಿನ ಪಾಲು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಬಿಡುವಿಲ್ಲದೆ ನಡೆಯುವ ಡಯಾಲಿಸಿಸ್ ಆದ ಸಿಆರ್‌ಆರ್‌ಟಿ ಮಾತ್ರ ಕಲಿತು ಬಂದವರಿಗೆ ನಮ್ಮ ಕಡೆ ಕೈಕಟ್ಟಿದಂತಾಗುತ್ತದೆ, ಏಕೆಂದರೆ ಅದರ ಖರ್ಚನ್ನು ಇಲ್ಲಿನ ಬಹುಪಾಲು ಕುಟುಂಬಗಳು ಭರಿಸಲಾರವು. ಸಾಮಾನ್ಯ ಡಯಾಲಿಸಿಸ್ ಯಂತ್ರದಲ್ಲೇ ರಕ್ತದ ಹರಿವನ್ನು ನಿಮಿಷಕ್ಕೆ 150–200 ಮಿಲೀಗೆ ಇಳಿಸಿ, ಆರರಿಂದ ಹನ್ನೆರಡು ಗಂಟೆ ನಿಧಾನವಾಗಿ ನಡೆಸುವ ಸ್ಲೆಡ್ ಕಲಿಸುವ ಸೆಂಟರ್ ನಮ್ಮವರಿಗೆ ಹೆಚ್ಚು ಉಪಯೋಗ. ಬಿಪಿ ಕಡಿಮೆ ಇದ್ದವರಲ್ಲಿ ನೀರು ಎಷ್ಟು ತೆಗೆಯಬೇಕು, ಆಂಟಿಬಯಾಟಿಕ್ ಡೋಸ್ ಯಾವಾಗ ಕೊಡಬೇಕು, ಇದು ಪುಸ್ತಕದಿಂದ ಬರುವುದಿಲ್ಲ.

ವೆಂಟಿಲೇಟರ್ ಪಾಠ ಹೇಗಿದೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ: ಬೆಡ್ ಪಕ್ಕ ಅಳತೆ ಟೇಪ್ ಇದೆಯೇ ನೋಡಿ. ಶ್ವಾಸಕೋಶ ತೀವ್ರವಾಗಿ ಕೆಟ್ಟ ಎಆರ್‌ಡಿಎಸ್‌ನಲ್ಲಿ ಒಂದು ಉಸಿರಿಗೆ ಕೆಜಿಗೆ 6 ಮಿಲೀ ಗಾಳಿ ಎನ್ನುವುದು ತಕ್ಕಡಿಯ ತೂಕಕ್ಕಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕಕ್ಕೆ. 165 ಸೆಂಮೀ ಎತ್ತರದ ಗಂಡಸಿಗೆ ಅದು ಸುಮಾರು 61.5 ಕೆಜಿ, ಅಂದರೆ 370 ಮಿಲೀ. ಆತನ ನಿಜ ತೂಕ 85 ಕೆಜಿ ಎಂದು 510 ಇಟ್ಟರೆ ಉಳಿದಿರುವ ಶ್ವಾಸಕೋಶವೂ ಕೆಡುತ್ತದೆ. ಶ್ವಾಸಕೋಶದೊಳಗಿನ ಒತ್ತಡ ತೋರಿಸುವ ಪ್ಲಾಟೋ 30ರೊಳಗೆ, ಪ್ರತಿ ಉಸಿರಿಗೆ ಆ ಒತ್ತಡ ಏರುವ ಅಳತೆಯಾದ ಡ್ರೈವಿಂಗ್ ಪ್ರೆಷರ್ 15ರೊಳಗೆ ಇದೆಯೇ ಎಂದು ರೌಂಡ್ಸ್‌ನಲ್ಲಿ ಕನ್ಸಲ್ಟೆಂಟ್ ಕೇಳುತ್ತಾರೋ ಇಲ್ಲವೋ ಗಮನಿಸಿ. ಕವುಚಿ ಮಲಗಿಸಿದರೆ ಕನಿಷ್ಠ 16 ಗಂಟೆ ಇಡುವಷ್ಟು ನರ್ಸಿಂಗ್ ಕೈಗಳಿವೆಯೇ ಎಂಬುದನ್ನೂ.

ಎಕೋದಲ್ಲಿ ಎಮರ್ಜೆನ್ಸಿಯವರು ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ ಐವಿಸಿ ನೋಡಿ ನಿಲ್ಲಿಸಿಬಿಡುತ್ತಾರೆ. ಹೃದಯ ಪ್ರತಿ ಬಡಿತಕ್ಕೆ ಎಷ್ಟು ರಕ್ತ ಹೊರಹಾಕುತ್ತದೆ ಎಂಬುದರ ಸೂಚಕ ಎಲ್‌ವಿಒಟಿ ವಿಟಿಐ ಅಳೆದು, ಕಾಲು ಎತ್ತಿದಾಗ ಅದು ಶೇ. 10ಕ್ಕಿಂತ ಹೆಚ್ಚು ಏರಿತೇ ಎಂದು ನೋಡಿ ಫ್ಲೂಯಿಡ್ ನಿರ್ಧರಿಸುವುದು ಈ ವರ್ಷದಲ್ಲಿ ಕೈಗೆ ಕೂರಲೇಬೇಕು.

ಕೋರ್ಸ್ ಎಲ್ಲಿ ಕೆಡುತ್ತದೆ? ಸೀಟು ತುಂಬಿಸಿಕೊಂಡು ಫೆಲೋವನ್ನು ನೈಟ್ ಡ್ಯೂಟಿ ಡಾಕ್ಟರ್ ಮಾಡುವ ಕಡೆ. ಅಡ್ಮಿಷನ್ ನೋಟ್ಸ್, ಇನ್ಶೂರೆನ್ಸ್ ಪ್ರಶ್ನೆಗಳಿಗೆ ಉತ್ತರ, ಡಿಸ್ಚಾರ್ಜ್ ಸಮ್ಮರಿ, ಇಷ್ಟರಲ್ಲೇ ವರ್ಷ ಕಳೆದುಹೋಗುತ್ತದೆ. ಓಪನ್ ಐಸಿಯು ಇದ್ದಲ್ಲಿ ಇನ್ನೂ ಕಷ್ಟ. ನಿರ್ಧಾರವೆಲ್ಲ ಅಡ್ಮಿಟ್ ಮಾಡಿದ ಕನ್ಸಲ್ಟೆಂಟರದು, ಫೆಲೋ ಬರೆದುಕೊಳ್ಳುವುದಷ್ಟೇ. ಹಾಗಾಗಿ ಸಂದರ್ಶನದಲ್ಲಿ ನೇರವಾಗಿ ಕೇಳಿ: ಪೂರ್ಣಾವಧಿ ಇಂಟೆನ್ಸಿವಿಸ್ಟ್ (ಐಸಿಯು ತಜ್ಞರು) ಎಷ್ಟು ಜನ, ಬೆಡ್ ಪಕ್ಕವೇ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿನ ನಳಿಕೆ ಇಡುವ ಪರ್ಕ್ಯುಟೇನಿಯಸ್ ಟ್ರೆಕಿಯಾಸ್ಟಮಿ ಮಾಡುವುದು ಫೆಲೋನೋ ಇಎನ್‌ಟಿಯವರೋ, ರಾತ್ರಿ ಎರಡಕ್ಕೆ ಕರೆದರೆ ಯಾರು ಬರುತ್ತಾರೆ. ಸಿಆರ್‌ಆರ್‌ಟಿ ಇದೆ ಎಂದರೆ ಹೋದ ತಿಂಗಳು ಎಷ್ಟು ಫಿಲ್ಟರ್ ಖರ್ಚಾಯಿತು ಎಂದು ಕೇಳಿ. ಯಂತ್ರ ಮೂಲೆಯಲ್ಲಿ ನಿಂತಿದೆಯೋ ನಡೆಯುತ್ತಿದೆಯೋ ಆಗ ಗೊತ್ತಾಗುತ್ತದೆ.

ಇಡಿಐಸಿ ಎನ್ನುವ ಯುರೋಪಿನ ಕ್ರಿಟಿಕಲ್ ಕೇರ್ ಪರೀಕ್ಷೆಯನ್ನು ಇದರ ಜೊತೆ ಬರೆಯುವವರಿದ್ದಾರೆ. ಓದು ಶಿಸ್ತಿಗೆ ಬರುತ್ತದೆ, ಒಳ್ಳೆಯದೇ. ಆದರೆ ಪರೀಕ್ಷೆ ತರಬೇತಿಗೆ ಬದಲಿಯಲ್ಲ. ‘ಎಮರ್ಜೆನ್ಸಿಯವರಿಗೆ ಐಸಿಯು ಯಾಕೆ’ ಎಂಬ ಮಾತು ಎಲ್ಲಾದರೂ ಕೇಳಿಬಂದರೆ ಕುಗ್ಗಬೇಕಿಲ್ಲ. ಅಮೆರಿಕದಲ್ಲೇ ಅವರಿಗೆ ಇಂಟರ್ನಲ್ ಮೆಡಿಸಿನ್ ಮಂಡಳಿಯ ಮೂಲಕ ಕ್ರಿಟಿಕಲ್ ಕೇರ್ ಸರ್ಟಿಫಿಕೇಟಿನ ಬಾಗಿಲು ತೆರೆದದ್ದು 2011ರಲ್ಲಿ. ನಮ್ಮಲ್ಲಿ ಎಮರ್ಜೆನ್ಸಿ ಮೆಡಿಸಿನ್ ಎಂಡಿಗೆ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ಎಂಸಿಐನ ಒಪ್ಪಿಗೆ ಸಿಕ್ಕಿದ್ದೇ 2009ರಲ್ಲಿ.

ಕೊನೆಗೆ, ಫೀಸು ಕಟ್ಟುವ ಮುನ್ನ ಆ ಐಸಿಯುವಿನಲ್ಲಿ ಒಂದು ರಾತ್ರಿ ನಿಂತು ನೋಡಲು ಅನುಮತಿ ಕೇಳಿ, ಈಗಿನ ಫೆಲೋ ತಾನು ಮಾಡಿದ ಕೆಲಸಗಳನ್ನು ದಾಖಲಿಸಿರುವ ಲಾಗ್‌ಬುಕ್ಕನ್ನು ತಿರುವಿ ನೋಡಿ. ಎರಡಕ್ಕೂ ಒಪ್ಪದ ಕಡೆ ಸೀಟು ಖಾಲಿ ಇದ್ದರೂ ಸೇರಬೇಡಿ.