ಬ್ಯಾಟಿನ ಕಂಪನ ಲೆಕ್ಕಕ್ಕೆ ಪ್ರೀಪೋಮ್ಯಾಕ್ಸ್: ಎಲ್ಲಿಯವರೆಗೆ ನಂಬಬಹುದು?

ಕ್ರಿಕೆಟ್ ಬ್ಯಾಟ್ ಹೇಗೆ ಕಂಪಿಸುತ್ತದೆ, ಅದರ ಸ್ವೀಟ್ ಸ್ಪಾಟ್ (ಚೆಂಡು ಬಡಿದರೆ ಕೈ ಕಡಿಮೆ ಜುಮ್ಮೆನ್ನುವ ಜಾಗ) ಎಲ್ಲಿದೆ ಎಂದು ಫೈನೈಟ್ ಎಲಿಮೆಂಟ್ ವಿಧಾನದಲ್ಲಿ (ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು) ಲೆಕ್ಕ ಹಾಕಲು ದುಬಾರಿ ಲೈಸೆನ್ಸ್ ಬೇಕಿಲ್ಲ. ಪ್ರೀಪೋಮ್ಯಾಕ್ಸ್ ಉಚಿತ ತಂತ್ರಾಂಶ. ಮೆಶ್ ಮಾಡುವುದು (ಮಾದರಿಯನ್ನು ಆ ತುಂಡುಗಳ ಜಾಲವಾಗಿಸುವುದು), ಫಲಿತಾಂಶ ತೋರಿಸುವುದು ಅದರ ಕೆಲಸ. ಸಮೀಕರಣ ಬಿಡಿಸುವುದು ಜೊತೆಗೇ ಬರುವ ಕ್ಯಾಲ್ಕುಲಿಕ್ಸ್. ಮೋಡಲ್ ವಿಶ್ಲೇಷಣೆಗೆ, ಅಂದರೆ ವಸ್ತು ಸಹಜವಾಗಿ ಕಂಪಿಸುವ ಬಗೆಗಳನ್ನೂ (ಮೋಡ್) ಅವುಗಳ ಆವರ್ತನವನ್ನೂ ಹುಡುಕುವುದಕ್ಕೆ, ಈ ಜೋಡಿ ಧಾರಾಳವಾಗಿ ಸಾಕು.

ಎಲಿಮೆಂಟ್ ಆರಿಸುವಾಗ ಎರಡನೇ ದರ್ಜೆಯ, ಹತ್ತು ನೋಡ್‌ಗಳ ಟೆಟ್ರಾಹೆಡ್ರನ್ನೇ (ನಾಲ್ಕು ಮುಖಗಳ ತುಂಡು; ನೋಡ್ ಎಂದರೆ ಅದರ ಲೆಕ್ಕದ ಬಿಂದು) ಇರಲಿ. ನಾಲ್ಕು ನೋಡ್‌ಗಳದ್ದು ಬಾಗುವಿಕೆಯಲ್ಲಿ ಸುಳ್ಳು ಬಿಗಿತ ತೋರಿಸಿ ಆವರ್ತನವನ್ನು ಏರಿಸುತ್ತದೆ. 5 ಮಿ.ಮೀ. ಗಾತ್ರದಿಂದ ಶುರುಮಾಡಿ, 3.5ಕ್ಕೆ ಇಳಿಸಿದಾಗ ಉತ್ತರ ಶೇ. 1ರೊಳಗೇ ನಿಂತರೆ ಮುಂದುವರಿಯಬಹುದು.

ಹೆಚ್ಚು ಜನ ಎಡವುವುದು ಅಳತೆಯ ಮಾನದಲ್ಲಿ. ಮಿ.ಮೀ., ಟನ್, ಸೆಕೆಂಡ್ ಪದ್ಧತಿಯಲ್ಲಿ ಘನಮೀಟರಿಗೆ 450 ಕಿ.ಗ್ರಾಂ. ಸಾಂದ್ರತೆ ಎಂದರೆ 4.5ಇ-10 (ಘನ ಮಿ.ಮೀ.ಗೆ 4.5 × 10⁻¹⁰ ಟನ್). ಅಲ್ಲಿ 450 ಎಂದೇ ಬರೆದರೆ ಆವರ್ತನ ಹತ್ತು ಲಕ್ಷ ಪಟ್ಟು ಕುಸಿಯುತ್ತದೆ. ಲೆಕ್ಕಕ್ಕೆ ಮೊದಲು ಮಾದರಿಯ ಘನಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ, ಬ್ಯಾಟನ್ನು ತಕ್ಕಡಿಯಲ್ಲಿಟ್ಟಾಗ ಬರುವ ತೂಕದೊಂದಿಗೆ ಹೋಲಿಸಿ.

ನಿಜವಾದ ಕಷ್ಟ ಮರದ ಎಳೆಯದು. ವಿಲ್ಲೋ ಎಳೆಯ ಉದ್ದಕ್ಕೆ ಬಹಳ ಗಟ್ಟಿ, ಅಡ್ಡಕ್ಕೆ ಮೆದು. ಎಲ್ಲ ದಿಕ್ಕಿಗೂ ಒಂದೇ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ) ಕೊಟ್ಟರೆ ಮೊದಲ ಬಾಗುವಿಕೆ ಹೇಗೋ ಹೊಂದೀತು, ತಿರುಚುವಿಕೆಯ ಆವರ್ತನ ಮಾತ್ರ ಪೂರ್ತಿ ತಪ್ಪು. ಹಾಗಾಗಿ ಮೂರು ದಿಕ್ಕುಗಳ ಗುಣ ಹೇಳುವ ಒಂಬತ್ತು ಸ್ಥಿರಾಂಕಗಳೂ ಎಳೆಯ ದಿಕ್ಕೂ ಬೇಕು. ಕ್ಯಾಲ್ಕುಲಿಕ್ಸ್‌ಗೆ ಹೋಗುವ ಆಜ್ಞೆಗಳನ್ನು ತಿದ್ದುವ ಕೀವರ್ಡ್ ಎಡಿಟರ್‌ನಲ್ಲಿ ‘ಎಂಜಿನಿಯರಿಂಗ್ ಕಾನ್‌ಸ್ಟಂಟ್ಸ್’ ಮತ್ತು ‘ಓರಿಯೆಂಟೇಶನ್’ ಸಾಲುಗಳನ್ನು ಕೈಯಿಂದ ಬರೆಯುವುದೇ ಭರವಸೆಯ ದಾರಿ. ಪಾಯ್ಸನ್ ಅನುಪಾತಗಳನ್ನು (ಒಂದು ದಿಕ್ಕಿಗೆ ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅಳತೆ) ಅದಲುಬದಲು ಮಾಡಬೇಡಿ: ಕೋಷ್ಟಕದ ದೊಡ್ಡ ಸಂಖ್ಯೆ ಉದ್ದ ದಿಕ್ಕಿನ ಮಾಡ್ಯುಲಸ್‌ನ ಜೊತೆಗಾರ.

ಹಿಡಿಯನ್ನು ಬಿಗಿಯಾಗಿ ಕಟ್ಟಿಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಕೈ ಮೆದು, ಹಿಡಿದ ಬ್ಯಾಟ್ ವರ್ತಿಸುವುದು ಮುಕ್ತ ಬ್ಯಾಟಿನ ಹಾಗೆ. ಏನನ್ನೂ ಕಟ್ಟದೆ ಕನಿಷ್ಠ 10 ಮೋಡ್ ಕೇಳಿ. ಮೊದಲ ಆರು ಸೊನ್ನೆಯ ಆಸುಪಾಸು ಬಂದರೆ ಗಾಬರಿ ಬೇಡ, ಅವು ಇಡೀ ಬ್ಯಾಟ್ ತೇಲುವ ಚಲನೆಗಳು. ಏಳನೆಯದರಿಂದ ನಿಜವಾದ ಕಂಪನ ಶುರು. ಮೊದಲೆರಡು ಬಾಗುವಿಕೆಗಳ ನಿಸ್ಪಂದ ಬಿಂದುಗಳು (ಕಂಪಿಸುವಾಗಲೂ ಅಲುಗದ ಜಾಗಗಳು) ಅಲಗಿನಲ್ಲಿ ಒಂದಕ್ಕೊಂದು ಹತ್ತಿರವಿರುವ ಜಾಗಕ್ಕೆ ಚೆಂಡು ಬಡಿದರೆ ಕೈ ಜುಮ್ಮೆನ್ನುವುದು ಕಡಿಮೆ. ಮೋಡ್ ತೋರಿಸುವ ಚಿತ್ರದಲ್ಲಿ ಆಕಾರ ಮಾತ್ರ ಅರ್ಥಪೂರ್ಣ. ಬಣ್ಣದಲ್ಲಿ ಕಾಣುವ ಒತ್ತಡದ ಅಂಕಿಗಳನ್ನು ನಿಜವಾದ ಒತ್ತಡವೆಂದು ಓದಬಾರದು.

ಹಿಡಿಯ ಬೆತ್ತದ ನಡುವೆ ರಬ್ಬರ್ ಪಟ್ಟಿಗಳಿರುತ್ತವೆ. ಇಡೀ ಹಿಡಿಯನ್ನು ಒಂದೇ ಮರವೆಂದು ಎಣಿಸಿದರೆ ಆವರ್ತನ ಹೆಚ್ಚಾಗಿ ಬರುತ್ತದೆ. ಬ್ಯಾಟನ್ನು ದಾರದಲ್ಲಿ ತೂಗುಹಾಕಿ, ತಟ್ಟಿ, ಸದ್ದನ್ನು ಮೊಬೈಲ್‌ನಲ್ಲಿ ದಾಖಲಿಸಿ, ಅದರ ಫೂರಿಯೆ ವಿಶ್ಲೇಷಣೆಗೆ (ಸದ್ದಿನ ಆವರ್ತನಗಳನ್ನು ಬೇರ್ಪಡಿಸುವ ಲೆಕ್ಕ) ಹೋಲಿಸಿ ಹಿಡಿಯ ಮಾಡ್ಯುಲಸ್ ತಿದ್ದಬಹುದು.

ಚೆಂಡು ಬಡಿಯುವ ಲೆಕ್ಕಕ್ಕೆ ಮಾತ್ರ ಈ ಜೋಡಿಯನ್ನು ಶಿಫಾರಸು ಮಾಡಲಾರೆ. ಸುಮಾರು ಒಂದು ಮಿಲಿಸೆಕೆಂಡಿನ ಆ ಸಂಪರ್ಕದಲ್ಲಿ ಲೆಕ್ಕ ತೀರಾ ನಿಧಾನ, ಆಗಾಗ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ 2022ರಲ್ಲಿ ಮುಕ್ತ ತಂತ್ರಾಂಶವಾದ ಓಪನ್‌ರೇಡಿಯಾಸ್ ಸರಿಯಾದ ಆಯ್ಕೆ.