ವಿಮಾನದ ದೂರ ಹೇಳುವ ಜಾಲತಾಣಗಳು: ಕಿಲೋಮೀಟರ್ ಸರಿ, ಗಂಟೆ ತಪ್ಪು

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದರೆ ಹತ್ತಾರು ಜಾಲತಾಣಗಳು ಥಟ್ಟನೆ ಉತ್ತರ ಕೊಡುತ್ತವೆ. ದೂರವನ್ನು ಧಾರಾಳವಾಗಿ ನಂಬಬಹುದು. ಗಂಟೆಯನ್ನು ನಂಬಿ ಮುಂದಿನ ವಿಮಾನದ ಟಿಕೆಟ್ ಮಾತ್ರ ಕಾಯ್ದಿರಿಸಬೇಡಿ.

ದೂರಕ್ಕೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣ ಚೆನ್ನಾಗಿದೆ. ಎರಡೂ ನಿಲ್ದಾಣಗಳ ಮೂರಕ್ಷರದ ಕೋಡ್‌ಗಳ ನಡುವೆ ಅಡ್ಡಗೆರೆ ಹಾಕಿದರೆ ಸಾಕು: ಬಿಎಲ್‌ಆರ್-ಎಸ್‌ಎಫ್‌ಒ. ಸುಮಾರು 14,000 ಕಿ.ಮೀ. ನಡುವೆ ಫ್ರಾಂಕ್‌ಫರ್ಟಿನ ಎಫ್‌ಆರ್‌ಎ ಸೇರಿಸಿದರೆ ಅದೇ 16,550 ಆಗುತ್ತದೆ. ಮೈಲಿಯಲ್ಲಿ ನೋಡುವವರು ಹುಷಾರು: 8,700 ಸಾಧಾರಣ ಮೈಲಿ, 7,560 ನಾಟಿಕಲ್ ಮೈಲಿ (ಹಡಗು, ವಿಮಾನಗಳವರು ಬಳಸುವ ಉದ್ದದ ಮೈಲಿ), ಎರಡೂ ಒಂದೇ ದೂರ.

ಬೇರೆ ಕೆಲವು ತಾಣಗಳಲ್ಲಿ ಎರಡು ತಪ್ಪು ಕಾಣುತ್ತವೆ. 2008ರ ಮೇ ತಿಂಗಳಲ್ಲಿ ಬಿಎಲ್‌ಆರ್ ಕೋಡ್ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೋಯಿತು. ಹಳೆಯ ಮಾಹಿತಿ ಇಟ್ಟುಕೊಂಡ ತಾಣ ಇನ್ನೂ ಎಚ್‌ಎಎಲ್‌ನಿಂದಲೇ ಅಳೆಯುತ್ತದೆ. ಅಮೆರಿಕಕ್ಕೆ ಆ 28 ಕಿ.ಮೀ. ಲೆಕ್ಕಕ್ಕಿಲ್ಲ, ಹೈದರಾಬಾದಿಗೆ ಎದ್ದು ಕಾಣುತ್ತದೆ. ಇನ್ನೊಂದು ದೊಡ್ಡದು. ಅಕ್ಷಾಂಶ, ರೇಖಾಂಶ ನಾವೇ ತುಂಬುವ ಕಡೆ ಸ್ಯಾನ್ ಫ್ರಾನ್ಸಿಸ್ಕೊದ ರೇಖಾಂಶ 122.4ರ ಹಿಂದೆ ಮೈನಸ್ ಬಿಟ್ಟುಹೋದರೆ ನಾವು ಇಳಿಯುವುದು ಚೀನಾದ ಷಾಂಡಾಂಗ್ ಕರಾವಳಿಯ ಸಮುದ್ರದಲ್ಲಿ, ದೂರ ಬರೀ 5,200 ಕಿ.ಮೀ.

ಗಂಟೆ ಕೈಕೊಡುವುದು ಏಕೆ? ಬಹಳಷ್ಟು ತಾಣಗಳು ದೂರವನ್ನು ಗಂಟೆಗೆ 800 ಅಥವಾ 900 ಕಿ.ಮೀ. ವೇಗದಿಂದ ಭಾಗಿಸಿ, ಏರಿಳಿಯಲು ಅರ್ಧ ಗಂಟೆ ಸೇರಿಸಿ ಮುಗಿಸುತ್ತವೆ. 900ಕ್ಕೆ 16 ಗಂಟೆ, 800ಕ್ಕೆ 18. ಎರಡು ತಾಣಗಳ ನಡುವೆಯೇ ಎರಡು ಗಂಟೆ ವ್ಯತ್ಯಾಸ! ವಿಮಾನ ಹಾರುವ ದಾರಿಯೂ ಬೇರೆ. ತಾಣಗಳು ಅಳೆಯುವುದು ಅತಿ ಹತ್ತಿರದ ದಾರಿಯನ್ನು. ಗ್ಲೋಬಿನ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ: ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೆ ಹೊರಟು, ಟಿಬೆಟ್ ದಾಟಿ, ಸೈಬೀರಿಯಾದ ಉತ್ತರದ ಸಮುದ್ರದ ಮೇಲೆ 71 ಡಿಗ್ರಿ ಉತ್ತರದವರೆಗೆ ಏರಿ ಇಳಿಯುತ್ತದೆ. ಆದರೆ ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ವಿಮಾನ 10,000 ಅಡಿಗೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸುತ್ತು ಹಾಕುತ್ತಾರೆ. ಮುಚ್ಚಿದ ವಾಯುಪ್ರದೇಶದ್ದು ಬೇರೆ ತೊಡಕು: 2022ರ ಫೆಬ್ರವರಿಯಿಂದ ಯುರೋಪಿನ ಬಹುತೇಕ ಕಂಪನಿಗಳಿಗೆ ರಷ್ಯಾ ಆಕಾಶ ಬಂದ್, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಗಾಳಿಯನ್ನಂತೂ ಈ ಭಾಗಾಕಾರ ಕೇಳುವುದೇ ಇಲ್ಲ. ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹೋಗುವ ಹೊತ್ತು, ಬರುವ ಹೊತ್ತು ಒಂದೇ ಎಂದು ತೋರಿಸುವ ತಾಣವನ್ನು ಪಕ್ಕಕ್ಕಿಡಿ.

ವಿಮಾನ ಕಂಪನಿಯ ವೇಳಾಪಟ್ಟಿಯ ಅವಧಿ ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನದು, ಟ್ಯಾಕ್ಸಿಯಿಂಗ್ (ನಿಲ್ದಾಣದಲ್ಲಿ ನೆಲದ ಮೇಲಿನ ಓಡಾಟ) ಅದರಲ್ಲೇ ಸೇರಿದೆ. ಅದನ್ನೇ ಹಿಡಿಯಿರಿ. ಜೊತೆಗೆ ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ಅದೇ ನಂಬರಿನ ವಿಮಾನ ಕಳೆದ ಏಳು ದಿನ ಎಷ್ಟು ಹೊತ್ತಿಗೆ ತಲುಪಿದೆ ನೋಡಿ. ಆಮೇಲೆ ಸ್ಥಳೀಯ ಸಮಯ: ಜನವರಿಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ 4:30. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅದೇ ಲೆಕ್ಕಕ್ಕೆ 5:30.