ಗೋವಾದ ಸಂಜೆ ಹಾಯಿದೋಣಿ: ಸೂರ್ಯಾಸ್ತದ ಆಸೆಗೆ ಗಾಳಿ ಕಳೆದುಕೊಳ್ಳಬೇಡಿ

'ಸನ್‌ಸೆಟ್ ಕ್ರೂಸ್' ಅಂತ ಗೋವಾದಲ್ಲಿ ಮಾರುವುದರಲ್ಲಿ ಮೂರು ಬಗೆ ಇವೆ. ಒಂದು, ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಹೊರಡುವ ದೊಡ್ಡ ದೋಣಿ: ಒಂದು ಗಂಟೆ, ಮೇಲೆ ಹಾಡು ಕುಣಿತ, ಕೆಳಗೆ ಡೀಸೆಲ್ ಎಂಜಿನ್. ಎರಡು, 'ಯಾಟ್' ಎಂಬ ಹೆಸರಿನ ಬಿಳಿ ಮೋಟಾರು ದೋಣಿ. ಮೂರನೆಯದು ನಿಜವಾಗಿ ಹಾಯಿ ಬಿಚ್ಚುವ, ಆರೆಂಟು ಜನ ಮಾತ್ರ ಕೂರುವ ದೋಣಿ. ಈ ವಿಮರ್ಶೆ ಮೂರನೆಯದರದ್ದು. ಬುಕ್ ಮಾಡುವ ಮುಂಚೆ ಫೋನಿನಲ್ಲಿ ಒಂದೇ ಪ್ರಶ್ನೆ ಸಾಕು: "ಎಂಜಿನ್ ಆರಿಸಿ ಎಷ್ಟು ಹೊತ್ತು ಹೋಗ್ತೀರಿ?" ತಡವರಿಸಿದರೆ ಅದು ಮೋಟಾರು ದೋಣಿ, ಅಥವಾ ಹಾಯಿಯನ್ನು ಫೋಟೊಗೆ ಮಾತ್ರ ಎತ್ತುವ ದೋಣಿ.

ಬೆಂಗಳೂರಿನವರಿಗೆ ಹಾಯಿದೋಣಿಯ ಪರಿಚಯ ಕಡಿಮೆ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಅಭ್ಯಾಸ ಮಾಡುವುದನ್ನು ದಡದಿಂದ ನೋಡಿದ್ದರೆ ಅಷ್ಟೇ. ಹಾಗಾಗಿ ಟಿಕೆಟ್ ತೆಗೆಯುವಾಗ ಎಲ್ಲರೂ ನೋಡುವುದು ಸೂರ್ಯಾಸ್ತದ ಸಮಯ. ಅಸಲಿಗೆ ನೋಡಬೇಕಾದ್ದು ಗಾಳಿಯ ಸಮಯ.

ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ, ಚಳಿಗಾಲದ ಗಾಳಿ ದಿನಕ್ಕೊಂದು ಸುತ್ತು ಬರುತ್ತದೆ. ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲನೆ. ಬಿಸಿಲಿಗೆ ನೆಲ ಕಾದು ಮೇಲಿನ ಗಾಳಿ ಏರತೊಡಗಿದಾಗ, ಮಧ್ಯಾಹ್ನದ ಹೊತ್ತಿಗೆ ಕಡಲಿಂದ ತಂಪು ಗಾಳಿ ಒಳಗೆ ನುಗ್ಗುತ್ತದೆ, ಪಶ್ಚಿಮದಿಂದಲೋ ವಾಯವ್ಯದಿಂದಲೋ. ಅದರ ಜೋರು ಸುಮಾರು 2ರಿಂದ 5ರವರೆಗೆ. ಬಿಸಿಲು ಇಳಿದಂತೆ ನೆಲ ತಣಿಯುತ್ತದೆ, ಗಾಳಿಯೂ ಸೋಲುತ್ತದೆ. ಸೂರ್ಯ ನೀರು ಮುಟ್ಟುವ ಹೊತ್ತಿಗೆ ಎಷ್ಟೋ ಸಂಜೆ ಹಾಯಿ ಒಣಹಾಕಿದ ಪಂಚೆಯಂತೆ ಜೋತುಬಿದ್ದಿರುತ್ತದೆ. 5.30ಕ್ಕೆ ಹೊರಟು 7ಕ್ಕೆ ಮರಳುವ ಟ್ರಿಪ್ಪಿನಲ್ಲಿ ಮುಕ್ಕಾಲು ಪಾಲು ಎಂಜಿನ್ ಸದ್ದೇ ಆಗುವುದು ಇದಕ್ಕೇ. ನಡೆಸುವವರ ಮೋಸ ಅಂತ ಹೇಳುವಂತಿಲ್ಲ. 4 ಅಥವಾ 4.15ಕ್ಕೆ ಹೊರಡುವ, ಎರಡೂವರೆ ಗಂಟೆಯ ಟ್ರಿಪ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಗಾಳಿಯೂ ಸಿಗುತ್ತದೆ, ಡಿಸೆಂಬರ್, ಜನವರಿಯಲ್ಲಿ ಸೂರ್ಯನೂ ಸಿಗುತ್ತಾನೆ.

ಪಣಜಿಯಲ್ಲಿ ಸೂರ್ಯ ಮುಳುಗುವುದು ಡಿಸೆಂಬರ್ ಮೊದಲ ವಾರ ಸುಮಾರು 6.05ಕ್ಕೆ, ಜನವರಿ ಕೊನೆಗೆ 6.30ರ ಹತ್ತಿರ, ಏಪ್ರಿಲ್ ಮಧ್ಯಕ್ಕೆ 6.50ರ ಹತ್ತಿರ. ಬೆಂಗಳೂರಿಗಿಂತ ಹೆಚ್ಚೂಕಡಿಮೆ ಕಾಲು ಗಂಟೆ ತಡ. ವರ್ಷವಿಡೀ ಒಂದೇ ಸಮಯ ಹೇಳುವವರು ಸೂರ್ಯನನ್ನು ಕೇಳಿ ಟೈಮ್‌ಟೇಬಲ್ ಮಾಡಿಲ್ಲ ಅಂತ ತಿಳಿಯಿರಿ.

ಒಳ್ಳೆಯ ಟ್ರಿಪ್ ಹೀಗೆ ಸಾಗುತ್ತದೆ. ಜೆಟ್ಟಿಯಲ್ಲಿ ಹತ್ತು ನಿಮಿಷ ವಿವರಣೆ: ಎಲ್ಲಿ ಕೂರಬೇಕು, ಯಾವ ಹಗ್ಗ ಮುಟ್ಟಬಾರದು, ಯಾರಾದರೂ ನೀರಿಗೆ ಬಿದ್ದರೆ ಏನು ಮಾಡಬೇಕು. ಆಮೇಲೆ ಹದಿನೈದಿಪ್ಪತ್ತು ನಿಮಿಷ ಎಂಜಿನ್ ಮೇಲೆ ಅಗಲ ನೀರಿಗೆ. ಅಲ್ಲಿ ಮೂತಿಯನ್ನು ನೇರ ಗಾಳಿಗೆ ಕೊಟ್ಟು ದೊಡ್ಡ ಹಾಯಿಯನ್ನು ಕಂಬದ ತುದಿಗೆ ಏರಿಸುತ್ತಾರೆ. ಈ ಹೊತ್ತಿನಲ್ಲಿ ಬಟ್ಟೆ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ಕುಲುಕುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಏನೂ ಆಗಿರುವುದಿಲ್ಲ. ಮೂತಿ ಒಂದು ಕಡೆ ತಿರುಗಿಸಿ ಮುಂದಿನ ಸಣ್ಣ ಹಾಯಿ ಬಿಚ್ಚಿದರೆ ಬಡಿತ ನಿಲ್ಲುತ್ತದೆ, ಎಂಜಿನ್ ಆರುತ್ತದೆ, ನೀರು ಒಡಲಿಗೆ ತಾಗುವ ಸದ್ದು ಮಾತ್ರ ಉಳಿಯುತ್ತದೆ. ಕೊಟ್ಟ ದುಡ್ಡು ಇದಕ್ಕೆ.

ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಗಾಳಿಯ ಎರಡೂ ಬದಿಗೆ ಸುಮಾರು 45 ಡಿಗ್ರಿ ಬಿಟ್ಟೇ ಸಾಗಬೇಕು. ಪಣಜಿಯ ಮಾಂಡವಿ ನದಿ ಕಡಲು ಸೇರುವ ಬಾಯಿಂದ ಪಶ್ಚಿಮಕ್ಕೆ ಹೊರಟರೆ ಗಾಳಿ ಎದುರೇ ಇರುವುದರಿಂದ ದೋಣಿ ಅಡ್ಡಡ್ಡ ಹೊಡೆಯುತ್ತಾ, ಪ್ರತಿ ತಿರುವಿಗೂ ಮಗ್ಗುಲು ಬದಲಿಸುತ್ತಾ ಏರುತ್ತದೆ. 15-20 ಡಿಗ್ರಿ ವಾಲುವುದು ಸಹಜ. ಕೆಳಗೆ ಕೀಲ್, ಅಂದರೆ ನೀರೊಳಗೆ ಇಳಿದ ಭಾರದ ರೆಕ್ಕೆ, ಇರುವ ದೋಣಿ ವಾಲಿದಷ್ಟೂ ಆ ಭಾರ ಅದನ್ನು ನೆಟ್ಟಗೆ ತರಲು ನೋಡುತ್ತದೆ, ಅಷ್ಟು ಸುಲಭವಾಗಿ ಮಗುಚುವುದಿಲ್ಲ. ಮರಳುವಾಗ ಗಾಳಿ ಬೆನ್ನಿಗೆ. ದೋಣಿ ನೆಟ್ಟಗಾಗುತ್ತದೆ, ಮುಖಕ್ಕೆ ಗಾಳಿಯೇ ತಾಗದೆ ಸೆಖೆಯಾಗುತ್ತದೆ, ಎಲ್ಲರೂ ಎದ್ದು ನಿಂತು ಸೆಲ್ಫಿ ಶುರು ಮಾಡುತ್ತಾರೆ. ಅಪಾಯ ಇರುವುದು ಈ ನೆಮ್ಮದಿಯಲ್ಲೇ. ಗಾಳಿ ಹಿಂದಿನಿಂದ ಬರುವಾಗ ಚುಕ್ಕಾಣಿ ಸ್ವಲ್ಪ ತಪ್ಪಿದರೂ ಹಾಯಿಯ ಅಡಿಗಿರುವ ಅಡ್ಡದಂಡ, ಅಂದರೆ ಬೂಮ್, ಒಂದು ಬದಿಯಿಂದ ಇನ್ನೊಂದು ಬದಿಗೆ ತಲೆಯ ಎತ್ತರದಲ್ಲೇ ಬೀಸಿ ಹೊಡೆಯುತ್ತದೆ. ಬಲ್ಲ ನಾವಿಕರು ಅದು ಬೀಸದ ಹಾಗೆ ಮುಂದಕ್ಕೆ ಹಗ್ಗ ಕಟ್ಟಿರುತ್ತಾರೆ. ಕಟ್ಟಿದ್ದಾರೋ ಇಲ್ಲವೋ ನೋಡಿ. ಕಟ್ಟಿಲ್ಲದಿದ್ದರೆ ಕೂತೇ ಇರಿ.

30 ಅಡಿ ಆಸುಪಾಸಿನ ಒಂಟಿ ಒಡಲಿನ ದೋಣಿಯ ವೇಗ ಒಳ್ಳೆಯ ಗಾಳಿಯಲ್ಲಿ 4ರಿಂದ 6 ನಾಟ್, ಗಂಟೆಗೆ 7ರಿಂದ 11 ಕಿಲೋಮೀಟರ್. ವಾಲಿದ ದೋಣಿಯಲ್ಲಿ ಅದೇ ವೇಗ ಎರಡರಷ್ಟು ಅನ್ನಿಸುತ್ತದೆ. ಎದುರುಗಾಳಿಗೆ ಸಾಗುವಾಗ 10 ನಾಟ್ ಗಾಳಿಗೆ ದೋಣಿಯ ವೇಗವೂ ಕೂಡಿ ಮುಖಕ್ಕೆ 13-14 ನಾಟ್ ಬಡಿಯುತ್ತದೆ, ಟೋಪಿ ಹಾರುವುದು ಆಗಲೇ. ಎರಡು ಒಡಲಿನ ಕಟಮರಾನ್ ಹೆಚ್ಚು ವಾಲುವುದಿಲ್ಲ, ಕೂರಲು ಜಾಗ ಜಾಸ್ತಿ, ಅಜ್ಜ ಅಜ್ಜಿ ಮಕ್ಕಳಿದ್ದರೆ ಅದೇ ಸರಿ. ಹಾಯಿಯ ರುಚಿ ಬೇಕಿದ್ದರೆ ಒಂಟಿ ಒಡಲು. 30 ಅಡಿಯ ಒಂಟಿ ಒಡಲಿನಲ್ಲಿ ಆರು ಪ್ರಯಾಣಿಕರು ಹಿತ, ಎಂಟಾದರೆ ಇಕ್ಕಟ್ಟು, ಹತ್ತಾದರೆ ತಿರುವಿನಲ್ಲಿ ಹಗ್ಗ ಎಳೆಯುವವರಿಗೇ ಕೈ ಆಡುವುದಿಲ್ಲ. 'ಸ್ಮಾಲ್ ಗ್ರೂಪ್' ಎಂದರೆ ಎಷ್ಟು, ಸಿಬ್ಬಂದಿ ಸೇರಿಯೋ ಬಿಟ್ಟೋ, ಬರೆಸಿಕೊಳ್ಳಿ.

ಇನ್ನು ಜಾಗ. ಮಾಂಡವಿಯ ಅಳಿವೆ ಉತ್ತರದ ಅಗ್ವಾದ ಕೋಟೆಗೂ ದಕ್ಷಿಣದ ಕಾಬೋ ಭೂಶಿರಕ್ಕೂ ನಡುವೆ ಪಶ್ಚಿಮಕ್ಕೆ ಬಾಯಿ ತೆರೆದಿದೆ. ಖಾನಾಪುರದ ಭೀಮಗಡದ ಕಾಡಿನಲ್ಲಿ ಹುಟ್ಟುವ, ನಾವು ಗೋವಾದ ಜೊತೆ ದಶಕಗಳಿಂದ ಜಗಳವಾಡುತ್ತಿರುವ ಮಹದಾಯಿಯೇ ಈ ಮಾಂಡವಿ. ಆ ನದಿಯ ಹೆಸರು ಹೊತ್ತ 'ಮ್ಹಾದೇಯಿ' ನೌಕಾಪಡೆಯ ಹಾಯಿದೋಣಿ, ಗೋವಾದಲ್ಲೇ ಕಟ್ಟಿದ್ದು. ಅದರಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದರು, ಅಭಿಲಾಷ್ ಟಾಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಗೋವಾದ ನಾವಿಕರಲ್ಲಿ ಈ ಮಾತೆತ್ತಿದರೆ ಉಳಿದ ವಿವರಗಳು ತಾವಾಗಿ ಬರುತ್ತವೆ.

ದೋಣಿ ಅಳಿವೆಯ ಒಳಗೇ ಇರುತ್ತದೋ ಹೊರಗೆ ಹೋಗುತ್ತದೋ ಎಂಬುದರ ಮೇಲೆ ಎರಡು ಸಂಗತಿ ನಿಂತಿವೆ. ಮೊದಲನೆಯದು ಸೂರ್ಯ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ರೈಸ್ ಮಾಗೋಸ್ ಕೋಟೆಯ ಎದುರಿನ ನೀರಿನಿಂದ ನೋಡಿದರೂ ಕಡಲಿಗೇ ಇಳಿಯುತ್ತಾನೆ. ಏಪ್ರಿಲ್, ಮೇ ಹೊತ್ತಿಗೆ ಉತ್ತರಕ್ಕೆ ವಾಲಿ ಅಗ್ವಾದ ಗುಡ್ಡದ ಹಿಂದೆ ಹೋಗುತ್ತಾನೆ. ಹೊರಗೆ ದಾಟದ ದೋಣಿಯಿಂದ ಕಡಲಲ್ಲಿ ಮುಳುಗುವುದು ಕಾಣಿಸದು. ಎರಡನೆಯದು ಅಲೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ಓಡುತ್ತದೆ, ಗಾಳಿ ಒಳಗೆ ತಳ್ಳುತ್ತದೆ. ಎರಡೂ ಎದುರುಬದುರಾದ ಕಡೆ ಅಲೆ ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತದೆ. ಮರಳದಿಬ್ಬ ಇರುವ ಅಳಿವೆ ಬಾಯಲ್ಲಿ ಇದು ಇನ್ನೂ ಹೆಚ್ಚು. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಸೆಳೆತ ಜೋರಾಗಿರುತ್ತದೆ. ಅದೇ ಗಾಳಿಯಲ್ಲಿ ಉಬ್ಬರದ ಹೊತ್ತು ಹೋದವರು "ಸೂಪರ್" ಅಂತಾರೆ, ಇಳಿತದಲ್ಲಿ ಹೋದವರು ವಾಂತಿ ಮಾಡಿಕೊಂಡು ಒಂದು ಸ್ಟಾರ್ ಕೊಡುತ್ತಾರೆ. ಆನ್‌ಲೈನ್ ರೇಟಿಂಗ್ ಓದುವಾಗ ಇದು ನೆನಪಿರಲಿ.

ಚಳಿಗಾಲದಲ್ಲಿ ಇನ್ನೊಂದು ಬರುತ್ತದೆ. ಅರಬ್ಬಿ ದೇಶಗಳ ಕಡೆ ಬೀಸುವ ಶಮಾಲ್ ಗಾಳಿಯ ಅಲೆಗಳು ವಾಯವ್ಯದಿಂದ ಇಲ್ಲಿಯವರೆಗೂ ತಲುಪುತ್ತವೆ. ಆಕಾಶ ತಿಳಿಯಾಗಿದ್ದೂ ಕಡಲು ಒರಟಾಗಿದ್ದರೆ ಇದೂ ಕಾರಣವಾಗಿರಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ಪುಕ್ಕಟೆ ಸಿಗುತ್ತದೆ. ಅಲೆ 1 ಮೀಟರ್ ಒಳಗಿದ್ದು ಗಾಳಿ 8ರಿಂದ 12 ನಾಟ್ ಇದ್ದರೆ ಅದು ಆರಿಸಬೇಕಾದ ದಿನ. 1.5 ಮೀಟರ್ ಮೀರಿದರೆ ಹೊಟ್ಟೆ ಗಟ್ಟಿಯಿದ್ದವರು ಮಾತ್ರ. ಆಪ್ ಬೇಡವೆನ್ನುವವರು ಮಧ್ಯಾಹ್ನ 3ಕ್ಕೆ ಮೀರಾಮಾರ್ ಬೀಚಿನಲ್ಲಿ ನಿಂತು ನೋಡಲಿ: ಅಲ್ಲೊಂದು ಇಲ್ಲೊಂದು ಬಿಳಿ ನೊರೆ ಕಂಡರೆ ಸರಿಯಾದ ಗಾಳಿ, ಕಡಲ ತುಂಬ ನೊರೆಯಿದ್ದರೆ ದೊಡ್ಡ ಹಾಯಿಯನ್ನು ಮಡಿಸಿ ಕಿರಿದು ಮಾಡಲೇಬೇಕು. ಹಾಗೆ ಮಾಡದೆ ಹೊರಡುವ ಚಾಲಕರು ಧೈರ್ಯವಂತರಲ್ಲ, ಅಜಾಗರೂಕರು.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಮಾತೇ ಇಲ್ಲ. ಅಕ್ಟೋಬರ್, ನವೆಂಬರಿನ ಮೋಡಗಳಿಗೆ ಬಣ್ಣ ಚೆನ್ನ, ಆದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತವಿದ್ದರೆ ಎಲ್ಲವೂ ರದ್ದು. ಫೆಬ್ರವರಿ, ಮಾರ್ಚಿನಲ್ಲಿ ಮಬ್ಬು ಹೆಚ್ಚಿದ್ದರೆ ಸೂರ್ಯ ನೀರು ಮುಟ್ಟುವ ಮೊದಲೇ ಮಾಯ. ಮುಳುಗಿದ ಮೇಲಿನ ಹದಿನೈದಿಪ್ಪತ್ತು ನಿಮಿಷದ ಕೆಂಪೇ ಎಷ್ಟೋ ಸಲ ಹೆಚ್ಚು ಚಂದ. ಸೂರ್ಯ ಇಳಿದ ತಕ್ಷಣ ಎಂಜಿನ್ ಹಾಕಿ ಓಡುವ ಟ್ರಿಪ್‌ಗೆ ನಾವು ಅಂಕ ಕಡಿಮೆ ಕೊಡುತ್ತೇವೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಗೋವಾದಲ್ಲಿ ದೋಣಿ ನೋಂದಣಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯದ್ದು, ಒಡಲ ಮೇಲೆ ಸಂಖ್ಯೆ ಬರೆದಿರಬೇಕು. ಲೈಫ್ ಜಾಕೆಟ್ ಸೀಟಿನ ಕೆಳಗೆ ಗಂಟು ಕಟ್ಟಿಟ್ಟಿದ್ದರೆ ಇದ್ದೂ ಇಲ್ಲದ ಹಾಗೆ. ಅದರ ಮೇಲಿನ ಅಚ್ಚು ಓದಿ: 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದರೆ ಈಜು ಬಲ್ಲವರಿಗೆ ಆಸರೆ ಅಷ್ಟೇ. ಈಜು ಬಾರದವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಜನರಿಗೆ, 100 ಅಥವಾ ಅದಕ್ಕೂ ಮೇಲಿನದು ಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಇರಬೇಕು. ದೊಡ್ಡವರದ್ದು ತೊಡಿಸಿದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಚುಕ್ಕಾಣಿ ಹಿಡಿದವರಲ್ಲದೆ ಹಾಯಿ ಬಲ್ಲ ಇನ್ನೊಬ್ಬರು ಇರಲೇಬೇಕು, ಒಬ್ಬರೇ ನಡೆಸುವ ದೋಣಿಯಲ್ಲಿ ಆ ಒಬ್ಬರೇ ನೀರಿಗೆ ಬಿದ್ದರೆ ತಿರುಗಿಸುವವರು ಯಾರು? ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಅಳಿವೆಯಲ್ಲಿ "ಸ್ವಲ್ಪ ಈಜಿ" ಎಂದು ನಿಲ್ಲಿಸಿದರೆ ಒಪ್ಪಬೇಡಿ, ಸೆಳೆತ ಕಣ್ಣಿಗೆ ಕಾಣುವುದಿಲ್ಲ.

ಮಧ್ಯಾಹ್ನ ಮೀನೂಟ ಭರ್ಜರಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಮೊಸರನ್ನ ಸಾಕು. ವಾಂತಿ ಮಾತ್ರೆ ಓಕರಿಕೆ ಬಂದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ, ಅದರ ಜೊತೆ ಬಿಯರ್ ಬೇಡ. ತಲೆ ತಿರುಗಿದರೆ ಕ್ಯಾಬಿನ್ನಿಗೆ ಇಳಿದು ಮಲಗಬೇಡಿ, ಹಿಂದೆ ಕೂತು ದಿಗಂತ ನೋಡಿ. ಮೆತ್ತನೆ ಅಡಿಯ ಶೂ ಅಥವಾ ಬರಿಗಾಲು. ದುಪಟ್ಟಾ, ಸೀರೆ ಸೆರಗು, ಬಿಚ್ಚಿದ ಜಡೆ ಹಗ್ಗ ಸುತ್ತುವ ವಿಂಚ್‌ಗೆ ಸಿಕ್ಕುತ್ತವೆ. ಎಣ್ಣೆಯಂಥ ಸನ್‌ಸ್ಕ್ರೀನ್ ಡೆಕ್ ಮೇಲೆ ಜಾರಿಸುತ್ತದೆ. ಟಾಯ್ಲೆಟ್ ಇದ್ದರೂ ಕೈಪಂಪಿನ ಪುಟ್ಟ ಗೂಡು, ಜೆಟ್ಟಿಯಲ್ಲೇ ಮುಗಿಸಿಕೊಳ್ಳಿ. ಮಂಡಿ ನೋವಿದ್ದವರು ಒಂದು ಕೇಳಲೇಬೇಕು: ಹತ್ತುವುದು ಜೆಟ್ಟಿಯಿಂದ ನೇರವೋ, ಸಣ್ಣ ದೋಣಿಯಿಂದ ಏಣಿ ಹಿಡಿದೋ? ಇಳಿತದಲ್ಲಿ ಜೆಟ್ಟಿಗೂ ದೋಣಿಗೂ ಮೀಟರ್‌ಗಟ್ಟಲೆ ಎತ್ತರದ ವ್ಯತ್ಯಾಸ ಬೀಳುತ್ತದೆ.

ಡಾಲ್ಫಿನ್ ಗ್ಯಾರಂಟಿ ಎನ್ನುವವರನ್ನು ಬಿಟ್ಟುಬಿಡಿ. ಕಂಡರೆ ಅದೃಷ್ಟ, ಅಟ್ಟಿಸಿಕೊಂಡು ಹೋಗುವುದು ತಪ್ಪು. ತಿಂಡಿ ಸಾಮಾನ್ಯವಾಗಿ ಚಿಪ್ಸು, ಹಣ್ಣು, ತಂಪು ಪಾನೀಯ. ಅದನ್ನು ನೋಡಿ ದೋಣಿ ಆರಿಸಬೇಡಿ.

ದುಡ್ಡಿನ ವಿಷಯದಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕಾದ್ದು ಮೂರು: ದರ ತಲೆಗೋ ಇಡೀ ದೋಣಿಗೋ, ಜಿಎಸ್‌ಟಿ ಸೇರಿದೆಯೋ, ಕನಿಷ್ಠ ಎಷ್ಟು ಜನ ಆಗದಿದ್ದರೆ ರದ್ದು. ಗಾಳಿ ಜೋರಾಗಿ ರದ್ದಾದರೆ ಹಣ ವಾಪಸ್, ಇಲ್ಲವೇ ಮರುದಿನ ಜಾಗ. ಗಾಳಿಯೇ ಇಲ್ಲದೆ ಎಂಜಿನ್ ಮೇಲೆ ಹೋದರೆ ಯಾರೂ ವಾಪಸ್ ಕೊಡುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೋಗಬೇಕು. ನಾಲ್ಕೈದು ಜನರ ಕುಟುಂಬವಿದ್ದರೆ ಇಡೀ ದೋಣಿಯ ದರವನ್ನೂ ಕೇಳಿ. ತಲೆ ಲೆಕ್ಕಕ್ಕಿಂತ ತುಸು ಹೆಚ್ಚಾದರೂ ಹೊರಡುವ ಸಮಯ ನಿಮ್ಮ ಕೈಯಲ್ಲಿರುತ್ತದೆ.

ಪುದುಚೇರಿ ಹತ್ತಿರವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಸೂರ್ಯ ಮುಳುಗುವುದು ಊರಿನ ಕಡೆ, ಕಡಲಿಗಲ್ಲ. ಅಲ್ಲಿಗೆ ಹೋದರೆ ಬೆಳಗಿನ ಸೂರ್ಯೋದಯದ ಟ್ರಿಪ್ ಹಿಡಿಯಿರಿ. ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗುವುದು ಮೋಟಾರು ದೋಣಿ. ನಮ್ಮ ಕರಾವಳಿಯಲ್ಲೂ ಪ್ರವಾಸಿಗರಿಗೆ ಹಾಯಿ ಬಿಚ್ಚುವವರು ಹೆಚ್ಚಬೇಕಿತ್ತು.

ಬೆಂಗಳೂರಿನಿಂದ ಹೋಗುವವರು ಬಂದಿಳಿದ ದಿನವೇ ದೋಣಿ ಹತ್ತುವ ಪ್ಲಾನ್ ಮಾಡಬೇಡಿ. ಮೋಪಾ ವಿಮಾನ ನಿಲ್ದಾಣದಿಂದ ಪಣಜಿಗೆ ರಸ್ತೆಯಲ್ಲಿ ಒಂದು ಗಂಟೆ ಇಟ್ಟುಕೊಳ್ಳಬೇಕು, ವಿಮಾನ ತಡವಾದರೆ ದೋಣಿ ಕಾಯುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದವರು ನಿದ್ದೆಗೆಟ್ಟ ದಿನ ಕಡಲಿಗೆ ಇಳಿದರೆ ಓಕರಿಕೆ ಬೇಗ ಹಿಡಿಯುತ್ತದೆ. ಎರಡು ದಿನ ಇದ್ದರೆ ಮೊದಲನೆಯ ದಿನ ವಿಶ್ರಾಂತಿ, ಎರಡನೆಯ ದಿನ ದೋಣಿ. ಮೂರು ದಿನವಿದ್ದರೆ ಎರಡನೆಯ ದಿನಕ್ಕೇ ಬುಕ್ ಮಾಡಿ, ರದ್ದಾದರೆ ಮೂರನೆಯ ದಿನ ಕೈಯಲ್ಲಿರುತ್ತದೆ. ಅದೇ ರಾತ್ರಿ ವಾಪಸ್ ಹೊರಡುವುದಾದರೆ 9ಕ್ಕೆ ಮುಂಚಿನ ಬಸ್ ಹಿಡಿಯಲು ಹೋಗಬೇಡಿ. ದೋಣಿ ಜೆಟ್ಟಿಗೆ ಬಂದು, ಹಗ್ಗ ಕಟ್ಟಿ, ಎಲ್ಲರೂ ಇಳಿಯುವ ಹೊತ್ತಿಗೆ ಟಿಕೆಟ್ಟಿನ ಸಮಯಕ್ಕಿಂತ ಅರ್ಧ ಗಂಟೆ ಮೀರುವುದುಂಟು, ಆಮೇಲೆ ಪಣಜಿಯ ಸಂಜೆಯ ಟ್ರಾಫಿಕ್ ಬೇರೆ.